ಚಿತ್ರಕಥೆಯ ಪುಟದಲ್ಲಿ ಕಣ್ಣಿನ ನಡೆ

ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಒಂದು ಗಳಿಗೆಯಲ್ಲಿ ನಮಗೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಆ ಉಗುರಿನ ಅಗಲದಷ್ಟು ಜಾಗ ಮಾತ್ರ. ಅಕ್ಷಿಪಟಲದ ನಡುವಿನ ಪುಟ್ಟ ಕುಳಿಯಲ್ಲಷ್ಟೇ ದೃಷ್ಟಿ ಹರಿತ; ಸುತ್ತಲಿನದು ಮಸುಕು. ಈ ಕೊರತೆಯನ್ನು ತುಂಬಿಕೊಳ್ಳಲು ಕಣ್ಣು ಸೆಕೆಂಡಿಗೆ ಮೂರು-ನಾಲ್ಕು ಸಲ ಜಿಗಿಯುತ್ತದೆ. ಮುಂದೆ ಎಲ್ಲಿಗೆ ಜಿಗಿಯಬೇಕೆಂಬ ಸುಳಿವು ಬಹುಮಟ್ಟಿಗೆ ಆ ಮಸುಕಿನಿಂದಲೇ ಸಿಗುತ್ತದೆ. ಚಿತ್ರಕಥೆಯಲ್ಲಿ ಸಂಯೋಜನೆ ಎಂದರೆ ಈ ಜಿಗಿತಗಳಿಗೆ ದಾರಿ ಹಾಕಿಕೊಡುವ ಕೆಲಸ. ಗೆರೆ ಎಷ್ಟೇ ಚೆಲುವಾಗಿದ್ದರೂ ದಾರಿ ತಪ್ಪಿದರೆ ಕಥೆ ತಪ್ಪುತ್ತದೆ.

ಬಿಡಿಗಳಿಂದ ಇಡಿ

ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟೈಮರ್ 1912ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಗೆರೆಗಳನ್ನು ಸ್ವಲ್ಪವೇ ಬಿಡುವಿನಲ್ಲಿ ಒಂದಾದ ಮೇಲೊಂದು ತೋರಿಸಿದರೆ ನೋಡುವವರಿಗೆ ಕಾಣುವುದು ಒಂದೇ ಗೆರೆ, ಅದೂ ಚಲಿಸುವ ಗೆರೆ. 1923ರ ಬರಹದಲ್ಲಿ ಅವರು ಚುಕ್ಕಿ, ಗೆರೆಗಳನ್ನು ಹಿಡಿದು ಇನ್ನಷ್ಟು ತೋರಿಸಿದರು. ಹತ್ತಿರ ಇರುವವು, ಒಂದೇ ಬಗೆಯವು, ಒಂದೇ ಓಟದಲ್ಲಿ ಸಾಗುವವು, ಸೇರಿ ಮುಚ್ಚಿದ ಆಕಾರವಾಗುವವು: ಇವನ್ನೆಲ್ಲ ಕಣ್ಣು ತಾನಾಗಿ ಗುಂಪುಕಟ್ಟುತ್ತದೆ. ವೂಲ್ಫ್‌ಗಾಂಗ್ ಕೋಲರ್, ಕುರ್ಟ್ ಕೊಫ್ಕಾ ಜೊತೆ ಅವರು ಬೆಳೆಸಿದ ಈ ಚಿಂತನೆಗೆ ಗೆಸ್ಟಾಲ್ಟ್ ಮನಶ್ಶಾಸ್ತ್ರ ಎಂಬ ಹೆಸರಿದೆ.

ಹತ್ತಿರ ಇದ್ದದ್ದು ಒಟ್ಟಿಗೆ

ಪುಟದ ಎಡಗಡೆ ಎರಡು ಚಿಕ್ಕ ಚೌಕಟ್ಟುಗಳು ಮೇಲೆ-ಕೆಳಗೆ ಇವೆ. ಬಲಗಡೆ ಅವೆರಡರಷ್ಟು ಎತ್ತರದ ಒಂದೇ ಚೌಕಟ್ಟು ಇದೆ ಎಂದುಕೊಳ್ಳಿ. ಸಾಲುಸಾಲಾಗಿ ಓದುವ ರೂಢಿಯ ಪ್ರಕಾರ ಮೊದಲ ಚೌಕಟ್ಟಿನಿಂದ ನೇರ ಬಲಕ್ಕೆ ಹೋಗಬೇಕು. ಅಮೆರಿಕದ ಸಂಶೋಧಕ ನೀಲ್ ಕೋನ್, ಚಿತ್ರವೇ ಇಲ್ಲದ ಖಾಲಿ ಚೌಕಟ್ಟುಗಳನ್ನು ಕೊಟ್ಟು ಓದುವ ಕ್ರಮವನ್ನು ಗುರುತಿಸಲು ಜನರಿಗೆ ಹೇಳಿದರು. ಇಂಥ ಜೋಡಣೆಯಲ್ಲಿ ಹೆಚ್ಚಿನವರು ಮೊದಲು ಕೆಳಗಿಳಿದು, ಆಮೇಲೆ ಬಲಕ್ಕೆ ಹೋದರು. ಎಡದ ಎರಡೂ ಒಂದು ಗುಂಪಾಗಿ ಕಾಣುತ್ತವೆ. ಆ ಗುಂಪನ್ನು ಅರ್ಧಕ್ಕೆ ಬಿಟ್ಟುಹೋಗಲು ಕಣ್ಣು ಒಪ್ಪುವುದಿಲ್ಲ.

ಮಾತಿನ ಗುಳ್ಳೆಗಳಿಗೂ ಇದೇ ನಿಯಮ. ಮೊದಲು ಮಾತಾಡುವವರ ಗುಳ್ಳೆ ಮೇಲೆ, ಎಡಕ್ಕೆ ಇರಬೇಕು. ಉತ್ತರ ಅದರ ಕೆಳಗೆ, ಬಲಕ್ಕೆ. ಅದಲು ಬದಲಾದರೆ ಉತ್ತರವೇ ಪ್ರಶ್ನೆಗಿಂತ ಮುಂದೆ ಬಂದುಬಿಡುತ್ತದೆ.

ಒಂದೇ ಬಗೆಯದು ಒಂದೇ ಆಗಿ

1955ರಲ್ಲಿ ಅಮೆರಿಕದ ಇಸಿ ಕಾಮಿಕ್ಸ್‌ನ ‘ಇಂಪ್ಯಾಕ್ಟ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ‘ಮಾಸ್ಟರ್ ರೇಸ್’ ಎಂಬ ಕಥೆ ಬಂತು. ನಾಜಿ ಶಿಬಿರದ ಮಾಜಿ ಅಧಿಕಾರಿಯೊಬ್ಬ ನೆಲದಡಿಯ ರೈಲು ನಿಲ್ದಾಣದಲ್ಲಿ ತನ್ನ ಹಳೆಯ ಪಾಪಕ್ಕೆ ಎದುರಾಗುವ ಕಥೆ ಅದು. ಆರು ಪುಟಕ್ಕೆಂದು ಬರೆದಿದ್ದ ಕಥೆಗೆ ಚಿತ್ರಕಾರ ಬರ್ನಾರ್ಡ್ ಕ್ರಿಗ್‌ಸ್ಟೀನ್ ಹಟ ಹಿಡಿದು ಎಂಟು ಪುಟ ಪಡೆದರು. ಕ್ಷಣವೊಂದನ್ನು ಕಿರಿದಾದ ಚೌಕಟ್ಟುಗಳಾಗಿ ಸೀಳಲು ಅವರಿಗೆ ಜಾಗ ಬೇಕಿತ್ತು.

ರೈಲು ಹಾದುಹೋಗುವ ದೃಶ್ಯದಲ್ಲಿ ಕಿಟಕಿಯೊಳಗಿನ ಪ್ರಯಾಣಿಕರ ಮುಖವನ್ನು ಅವರು ಸಾಲಾಗಿ, ಮತ್ತೆ ಮತ್ತೆ ಬರೆದರು. ಹಲವು ಜನ ಇದ್ದಾರೆಂದು ನಮಗೆ ಅನ್ನಿಸುವುದಿಲ್ಲ. ಒಂದೇ ಮುಖ ಸರ್ರನೆ ಸರಿದಂತೆ ಕಾಣುತ್ತದೆ. ವರ್ಟೈಮರ್ ಅವರ ಗೆರೆಗಳು ಕಾಲದಲ್ಲಿ ಮಿನುಗಿದವು. ಇಲ್ಲಿ ಅದೇ ಕೆಲಸವನ್ನು ಹೋಲಿಕೆ ಮತ್ತು ಸಮನಾದ ಅಂತರ ನಿಂತ ಕಾಗದದ ಮೇಲೆ ಮಾಡುತ್ತವೆ.

ಟಿನ್‌ಟಿನ್ ಕಥೆಗಳ ಬೆಲ್ಜಿಯಂ ಚಿತ್ರಕಾರ ಎರ್ಜೆ ಇದನ್ನು ಬೇರೆ ರೀತಿಯಲ್ಲಿ ಸಾಧಿಸಿದರು. 1940-41ರ ‘ದಿ ಕ್ರ್ಯಾಬ್ ವಿತ್ ದ ಗೋಲ್ಡನ್ ಕ್ಲಾಸ್’ ಕಥೆಯ ಒಂದೇ ಚೌಕಟ್ಟಿನಲ್ಲಿ ಮರುಭೂಮಿಯ ದಾಳಿಕೋರರು ಓಡಿಹೋಗುತ್ತಾರೆ. ಒಬ್ಬ ಇನ್ನೂ ಮಲಗಿದ್ದಾನೆ, ಒಬ್ಬ ಏಳುತ್ತಿದ್ದಾನೆ, ಒಬ್ಬ ಓಡುತ್ತಿದ್ದಾನೆ. ಬೇರೆಬೇರೆ ಜನರಾದರೂ, ಒಬ್ಬನೇ ಎದ್ದು ಓಡಿದ ಹಾಗೆ ಓದಿಸಿಕೊಳ್ಳುತ್ತದೆ. ಎರ್ಜೆಗೆ ತಮ್ಮ ಚಿತ್ರಗಳಲ್ಲಿ ತೀರ ಮೆಚ್ಚಿನದಾಗಿದ್ದವುಗಳಲ್ಲಿ ಇದೂ ಒಂದು.

ಮುಂದೆ ಯಾವುದು, ಹಿಂದೆ ಯಾವುದು

ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ಹೂದಾನಿಯ ಚಿತ್ರವೊಂದನ್ನು ಪ್ರಸಿದ್ಧಗೊಳಿಸಿದರು: ಬಿಳಿಯನ್ನು ನೋಡಿದರೆ ಹೂದಾನಿ, ಕಪ್ಪನ್ನು ನೋಡಿದರೆ ಎದುರುಬದುರಾದ ಎರಡು ಮುಖ. ನಡುವಿನ ಅಂಚು ಒಂದು ಸಲಕ್ಕೆ ಒಂದೇ ಕಡೆಗೆ ಸೇರುತ್ತದೆ. ಚಿತ್ರಕಾರರು ‘ಟ್ಯಾಂಜೆಂಟ್’ ಎಂದು ಕರೆಯುವ ದೋಷದ ಬೇರು ಇಲ್ಲಿದೆ. ದೂರದ ಕಂಬದ ಗೆರೆ ಹತ್ತಿರದವನ ಭುಜಕ್ಕೆ ಸರಿಯಾಗಿ ತಾಗಿ ನಿಂತರೆ, ಕಣ್ಣು ಎರಡನ್ನೂ ಒಂದೇ ಗೆರೆಯಾಗಿ ಓಡಿಸುತ್ತದೆ. ಕಂಬ ಭುಜದ ಮೇಲೇ ಬೆಳೆದಂತಾಗಿ ದೂರ-ಹತ್ತಿರ ಅಳಿಸಿಹೋಗುತ್ತದೆ. ಪರಿಹಾರ ಸರಳ: ಕಂಬವನ್ನು ಭುಜದ ಹಿಂದೆ ಸ್ಪಷ್ಟವಾಗಿ ಮರೆಮಾಡಿ, ಇಲ್ಲವೇ ಚೆನ್ನಾಗಿ ದೂರ ಸರಿಸಿ.

ನಡುವಿನ ಖಾಲಿ ಜಾಗ

ಕೊಡಲಿ ಎತ್ತಿದವನು ಒಂದು ಚೌಕಟ್ಟಿನಲ್ಲಿ. ರಾತ್ರಿಯ ಊರು, ಒಂದು ಚೀರಾಟ ಮುಂದಿನದರಲ್ಲಿ. ಏಟು ಬಿದ್ದ ಚಿತ್ರ ಎಲ್ಲೂ ಇಲ್ಲ. ಸ್ಕಾಟ್ ಮೆಕ್‌ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ ಈ ಉದಾಹರಣೆ ಕೊಟ್ಟು, ಆ ಏಟನ್ನು ಹಾಕಿದವರು ಓದುಗರೇ ಎನ್ನುತ್ತಾರೆ. ಬಿಟ್ಟ ಜಾಗವನ್ನು ತುಂಬಿಕೊಳ್ಳುವ ಶಕ್ತಿ ಓದುಗರಿಗಿದೆ ಎಂದು ನಂಬುವ ಚಿತ್ರಕಾರರೇ ಏನನ್ನು ಬಿಡಬೇಕೆಂದು ಕಲಿಯುತ್ತಾರೆ.

ದಿಕ್ಕು ಕಲಿತದ್ದು

ಗುಂಪುಕಟ್ಟುವುದು ಕಣ್ಣಿಗೆ ಸಹಜ; ಓದುವ ದಿಕ್ಕು ಮಾತ್ರ ರೂಢಿ. ಜಪಾನಿನ ಮಾಂಗಾ ಬಲದಿಂದ ಎಡಕ್ಕೆ ಸಾಗುತ್ತದೆ. ಮೊದಮೊದಲು ಇಂಗ್ಲಿಷಿಗೆ ತಂದಾಗ ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚುಹಾಕುತ್ತಿದ್ದರು. ಬಲಗೈ ಕತ್ತಿವರಸೆಯವರೆಲ್ಲ ಎಡಚರಾದರು. ನಮ್ಮ ಹೊಯ್ಸಳ ದೇವಾಲಯಗಳ ಕಥಾಪಟ್ಟಿಕೆಗಳು ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ಅಂದರೆ ಗೋಡೆಗೆ ಮುಖಮಾಡಿ ನಿಂತವರಿಗೆ ಕಥೆ ಬಲದಿಂದ ಎಡಕ್ಕೆ ಹರಿಯುತ್ತದೆ, ಕನ್ನಡ ಅಕ್ಷರಗಳಿಗೆ ತದ್ವಿರುದ್ಧವಾಗಿ. ಅಲ್ಲಿ ಕ್ರಮವನ್ನು ಕಟ್ಟಿದ್ದು ನಡೆಯುವ ಕಾಲು.

ಮಾಡಿ ನೋಡಿ

ಮೆಚ್ಚಿನ ಚಿತ್ರಕಥೆಯ ಪುಟವೊಂದರ ಮೇಲೆ ತೆಳುವಾದ ಬೆಣ್ಣೆ ಕಾಗದ ಇಡಿ. ಮುಖಗಳು, ಮಾತಿನ ಗುಳ್ಳೆಗಳು, ತೀರ ಕಪ್ಪಾದ ಭಾಗಗಳು: ಇವಿಷ್ಟಕ್ಕೆ ಚುಕ್ಕಿ ಇಟ್ಟು, ನಿಮ್ಮ ಕಣ್ಣು ಹೋದ ಕ್ರಮದಲ್ಲಿ ಕೂಡಿಸಿ. ಗೆರೆ ಎಲ್ಲಿ ಸಿಕ್ಕಾಗುತ್ತದೆ, ಎಲ್ಲಿ ಹಿಂದಕ್ಕೆ ತಿರುಗುತ್ತದೆ ಎಂದು ಗಮನಿಸಿ. ಅದು ಕಥೆಗೆ ಬೇಕಾಗಿಯೇ ಆಗಿದೆಯೋ, ಎಡವಟ್ಟೋ ಎಂದು ಕೇಳಿಕೊಳ್ಳಿ. ಕೆಲವು ಪುಟಗಳನ್ನು ಹೀಗೆ ನೋಡಿದ ಮೇಲೆ ನಿಮ್ಮದೇ ಪುಟಕ್ಕೆ ಪೆನ್ಸಿಲ್ ಹಿಡಿಯಿರಿ. ಮೊದಲು ಚುಕ್ಕಿಗಳನ್ನಿಟ್ಟು ದಾರಿ ಗೊತ್ತುಮಾಡಿ. ಮುಖ, ಮನೆ, ಮರಗಳನ್ನು ಆಮೇಲೆ ಬಿಡಿಸಿ.