ಹುಟ್ಟಿದ ತಿಂಗಳ ಹರಳು: ಕೊಳ್ಳುವ ಮುನ್ನ, ಕೊಟ್ಟ ಮೇಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಹೊಸದುರ್ಗ ತಾಲ್ಲೂಕಿನ ಬಾಗೂರಿನಿಂದ ಅಕ್ಕ ಫೋನು ಮಾಡಿದಳು. ಮಗಳು ಒಳ್ಳೆಯ ಅಂಕ ತೆಗೆದಿದ್ದಾಳೆ, ಚಿತ್ರದುರ್ಗದಲ್ಲಿ ಪಿಯುಸಿಗೆ ಸೇರುತ್ತಾಳೆ, ಹಾಸ್ಟೆಲ್ಲಿಗೆ ಹೊರಡುವ ಮುಂಚೆ ಸೋದರಮಾವನಾದ ನಾನು ಏನಾದರೂ ಕೊಡಿಸಬೇಕು ಎಂಬುದು ಮಾತಿನ ಸಾರಾಂಶ. ಏನು ಬೇಕೆಂದು ಹುಡುಗಿಯನ್ನೇ ಕೇಳಿದೆ. "ಮಾಮ, ನನ್ನ ಬರ್ತ್‌ಸ್ಟೋನ್ ಇರೋ ಪೆಂಡೆಂಟು" ಎಂದಳು. ಹಿಂದಿನಿಂದ ಅಕ್ಕನ ಅತ್ತೆಯ ದನಿ ಕೇಳಿಸಿತು: "ಪಚ್ಚೆ ಉಂಗುರ ಕೊಡ್ಸಪ್ಪ. ಬುಧ ಚೆನ್ನಾಗಿದ್ರೆ ವಿದ್ಯೆ ಹತ್ತುತ್ತೆ ಅಂತ ಜೋಯಿಸ್ರು ಹೇಳವ್ರೆ."

ಹುಡುಗಿ ಹುಟ್ಟಿದ್ದು ಸೆಪ್ಟೆಂಬರಿನಲ್ಲಿ. ಆ ತಿಂಗಳ ಹರಳು ನೀಲ. ನಮ್ಮಲ್ಲಿ ನೀಲವೆಂದರೆ ಶನಿಯ ಹರಳು! ಅಜ್ಜಿಗೆ ಇದು ತಿಳಿದದ್ದೇ ತಡ, ಮನೆಯಲ್ಲಿ ರಂಪ ಶುರುವಾಯಿತು. ತೆಂಗಿನತೋಟದ ಕೊಬ್ಬರಿ ಮಾರಿ ಹಾಸ್ಟೆಲ್ ಫೀಸಿಗೆಂದು ಎತ್ತಿಟ್ಟಿದ್ದ ಹಣದಲ್ಲೇ ಪಚ್ಚೆ ಉಂಗುರ ಮಾಡಿಸಿಬಿಡೋಣವೆಂದು ಭಾವ ಹೊರಟಿದ್ದರು. ನಾನು ಎರಡು ದಿನ ರಜೆ ಹಾಕಿ ಊರಿಗೆ ಹೋಗಬೇಕಾಯಿತು.

ಇಂಥ ಜಗಳ ನಿಮ್ಮ ಮನೆಯಲ್ಲೂ ನಡೆದಿರಬಹುದು. ಮೂಲ ಕಾರಣವಿಷ್ಟೆ: ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಬೆರೆತುಹೋಗಿವೆ.

ನಮ್ಮದು ನವರತ್ನದ ಲೆಕ್ಕ. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಇಲ್ಲಿ ತಿಂಗಳಿಗೆ ಜಾಗವಿಲ್ಲ, ಜಾತಕಕ್ಕೆ ಮಾತ್ರ. ಹುಡುಗಿ ಕೇಳಿದ ಪಟ್ಟಿಯಾದರೋ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ 1912ರಲ್ಲಿ ಕನ್ಸಾಸ್ ನಗರದಲ್ಲಿ ಸೇರಿ ಒಪ್ಪಿಕೊಂಡದ್ದು. ಜನವರಿಗೆ ಗಾರ್ನೆಟ್, ಫೆಬ್ರವರಿಗೆ ನೇರಳೆ ಬಣ್ಣದ ಅಮೆಥಿಸ್ಟ್, ಮಾರ್ಚಿಗೆ ತಿಳಿನೀಲಿಯ ಅಕ್ವಾಮರೀನ್, ಏಪ್ರಿಲ್‌ಗೆ ವಜ್ರ, ಮೇಗೆ ಪಚ್ಚೆ, ಜೂನ್‌ಗೆ ಮುತ್ತು, ಜುಲೈಗೆ ಮಾಣಿಕ್ಯ, ಆಗಸ್ಟಿಗೆ ಪೆರಿಡಾಟ್, ಸೆಪ್ಟೆಂಬರಿಗೆ ನೀಲ, ಅಕ್ಟೋಬರಿಗೆ ಓಪಲ್, ನವೆಂಬರಿಗೆ ಟೋಪಾಜ್, ಡಿಸೆಂಬರಿಗೆ ಟರ್ಕಾಯಿಸ್. ತಿಂಗಳಿಗೊಂದು ಹರಳೆಂಬ ಕಲ್ಪನೆ ಯುರೋಪಿನಲ್ಲಿ ಅದಕ್ಕೂ ಹಳೆಯದು, ನಿಜ. ಆದರೆ ಈಗ ಎಲ್ಲೆಡೆ ಓಡಾಡುತ್ತಿರುವ ಪಟ್ಟಿ ವ್ಯಾಪಾರದ ಅನುಕೂಲಕ್ಕೆ ಮಾಡಿಕೊಂಡದ್ದು. 1952ರಲ್ಲಿ ಅದನ್ನು ತಿದ್ದಿದರು, 2002ರಲ್ಲಿ ಡಿಸೆಂಬರಿಗೆ ಟಾಂಜನೈಟ್ ಸೇರಿಸಿದರು, 2016ರಲ್ಲಿ ಆಗಸ್ಟಿಗೆ ಸ್ಪಿನೆಲ್ ಬಂತು. ಅಂಗಡಿಯವರು ಕೂತು ತಿದ್ದಬಹುದಾದ ಪಟ್ಟಿಯಲ್ಲಿ ಶನಿಕಾಟ ಹುಡುಕುವುದರಲ್ಲಿ ಅರ್ಥವಿಲ್ಲ ಎಂದು ಅಜ್ಜಿಗೆ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ.

ಅಕ್ಕ ನಡುವೆ ಬಾಯಿ ಹಾಕಿದಳು: "ನಂದ್ಯಾವ ಹರಳೋ?" ನಕ್ಕುಬಿಟ್ಟೆ. ಅವಳ ಶಾಲಾ ದಾಖಲೆಯಲ್ಲಿ ಜನ್ಮದಿನ ಜೂನ್ 1. ನನ್ನದೂ ಅದೇ, ನಮ್ಮ ತರಗತಿಯ ಅರ್ಧ ಮಕ್ಕಳದ್ದೂ ಅದೇ! ಹೆಡ್‌ಮಾಸ್ತರರು ವಯಸ್ಸು ಹೊಂದಿಸಿ ಬರೆದುಕೊಂಡ ತಾರೀಖದು. ಆ ಲೆಕ್ಕ ಹಿಡಿದರೆ ನಮ್ಮ ತಲೆಮಾರಿನ ಹಳ್ಳಿಗರೆಲ್ಲ ಮುತ್ತು ಧರಿಸಿ ಓಡಾಡಬೇಕಾಗುತ್ತಿತ್ತು.

ಹರಳಿನ ವಿಷಯ ನಮಗೇನೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ರಾಜನ ಬೊಕ್ಕಸದ ರತ್ನಗಳ ಗುಣದೋಷಗಳ ವಿವರಣೆಯಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್, ಅಲ್ಲಿನ ಪೇಟೆಯಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಾಣಿಕ್ಯ, ನೀಲ ಎರಡೂ ಕುರುಂದವೆಂಬ ಒಂದೇ ಖನಿಜ. ಕೆಂಪಾದರೆ ಮಾಣಿಕ್ಯ, ನೀಲಿಯಾದರೆ ನೀಲ. ಅದರ ಒರಟು ಜಾತಿಯನ್ನೇ ಪುಡಿಮಾಡಿ ಸಾಣೆಗೆ ಬಳಸುತ್ತಿದ್ದರು. ಹರಳು ಪರೀಕ್ಷೆ ಮಾಡಿಸುವ ಬುದ್ಧಿ ನಮ್ಮ ರಾಜರಿಗೆ ಆಗಲೇ ಇತ್ತು. ಈಗ ಬೇಕಾಗಿರುವುದು ಸಂಬಳದ ಹಣದಲ್ಲಿ ಕೊಳ್ಳುವ ನಮಗೆ.

ಅಂಗಡಿಯಲ್ಲಿ

ಮರುದಿನ ಭಾವ, ನಾನು, ಹುಡುಗಿ ಪೇಟೆಗೆ ಹೋದೆವು. ಮೊದಲು ಹೊಕ್ಕ ಅಂಗಡಿಯ ಹೆಸರು ಬೇಡ. ಪಚ್ಚೆಯ ಉಂಗುರ ತೂಗಿದರು: ನಾಲ್ಕು ಗ್ರಾಂ. ನಾಲ್ಕು ಗ್ರಾಂ ಚಿನ್ನದ ಬೆಲೆ, ಅದರ ಮೇಲೆ ಹರಳಿನ ಬೆಲೆ, ಆಮೇಲೆ ಮಜೂರಿ ಎಂದು ಲೆಕ್ಕ ಬರೆದರು. ಹರಳು ಎಷ್ಟು ಕ್ಯಾರೆಟ್ ಎಂದೆ. ಮೂರು ಎಂದರು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಮೂರು ಕ್ಯಾರೆಟ್ಟಿಗೆ 0.6 ಗ್ರಾಂ. ಅಂದರೆ ಉಂಗುರದಲ್ಲಿದ್ದ ಚಿನ್ನ 3.4 ಗ್ರಾಂ ಮಾತ್ರ! ಗ್ರಾಂಗೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಆರು ಸಾವಿರ ರೂಪಾಯಿಯ ಕಲ್ಲನ್ನು ಚಿನ್ನವೆಂದು ತೂಗಿದಂತಾಯಿತು, ಅದೇ ಕಲ್ಲಿಗೆ ಇನ್ನೊಮ್ಮೆ ದುಡ್ಡು. ಹೇಳಿದ ಮೇಲೆ "ಲೆಸ್ ಮಾಡ್ತೀವಿ ಸಾರ್" ಎಂದರು. ಭಾವನವರ ಮುಖ ನೋಡಬೇಕಿತ್ತು. ಹಾಸ್ಟೆಲ್ ಫೀಸು ಅವರ ಜೇಬಿನಲ್ಲೇ ಇತ್ತು.

ಆದ್ದರಿಂದ ರಸೀದಿಯಲ್ಲಿ ಚಿನ್ನದ ನಿವ್ವಳ ತೂಕ, ಹರಳಿನ ತೂಕ, ಹರಳಿನ ಹೆಸರು, ಮಜೂರಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ತೂಕವನ್ನು ರತ್ತಿಯಲ್ಲಿ ಹೇಳಿದರೆ ಕ್ಯಾರೆಟ್ಟಿಗೆ ತಿರುಗಿಸಿ ಹೇಳಲು ಕೇಳಿ. ಗುಲಗಂಜಿಯಿಂದ ಹುಟ್ಟಿದ ರತ್ತಿಯ ಲೆಕ್ಕ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಕ್ಯಾರೆಟ್ ಬದಲಾಗುವುದಿಲ್ಲ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದ ಒಡವೆಯ ಮೇಲೆ ಬಿಐಎಸ್ ಲಾಂಛನ, ಶುದ್ಧತೆಯ ಗುರುತು (22 ಕ್ಯಾರೆಟ್ಟಿಗೆ 916, 18ಕ್ಕೆ 750), ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಈ ಕೆಲಸ ಮಕ್ಕಳಿಗೆ ಬಿಡಿ, ನಿಮಗಿಂತ ಬೇಗ ಮಾಡುತ್ತಾರೆ. ಎರಡು ಗ್ರಾಂಗಿಂತ ಹಗುರವಾದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಮಕ್ಕಳ ಪುಟ್ಟ ಉಂಗುರ, ಓಲೆಗಳು ಹೆಚ್ಚಾಗಿ ಈ ಗುಂಪಿನವು. ಇನ್ನೊಂದು ಮಾತು: ಹಾಲ್‌ಮಾರ್ಕ್ ಹೇಳುವುದು ಚಿನ್ನದ ಬಗ್ಗೆ, ಹರಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ದೊಡ್ಡ ಮೊತ್ತದ ಹರಳಾದರೆ ಸ್ವತಂತ್ರ ಪ್ರಯೋಗಾಲಯದ ವರದಿ ಕೇಳಿ.

ವರದಿಯಲ್ಲಿ ಏನು ನೋಡಬೇಕು? ಹರಳು ಸಹಜವೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ, ಏನು ಸಂಸ್ಕಾರವಾಗಿದೆ ಎಂಬುದನ್ನು. ಪಚ್ಚೆಯ ಬಿರುಕುಗಳಿಗೆ ಎಣ್ಣೆ ತುಂಬುವುದು, ನೀಲ ಮಾಣಿಕ್ಯಗಳನ್ನು ಕಾಯಿಸಿ ಬಣ್ಣ ಏರಿಸುವುದು ಹಳೆಯ ರೂಢಿ, ತಿಳಿಸಿ ಮಾರಿದರೆ ಮೋಸವಲ್ಲ. ಸೀಸದ ಗಾಜು ತುಂಬಿದ ಮಾಣಿಕ್ಯದ ಬಗ್ಗೆ ಮಾತ್ರ ಎಚ್ಚರ. ನಿಂಬೆರಸ ತಾಗಿದರೂ ಅದರೊಳಗಿನ ಗಾಜು ಹಾಳಾಗುತ್ತದೆ.

ಪ್ರಯೋಗಾಲಯದ ಹರಳೆಂದರೆ ನಕಲಿಯೆಂದು ಮೂಗು ಮುರಿಯುವವರಿದ್ದಾರೆ. ಅದು ಗಾಜಲ್ಲ. ಬೆಳೆಸಿದ ನೀಲವೂ ಕುರುಂದವೇ, ಗಡಸುತನ ಅಷ್ಟೇ, ಬೆಲೆ ಮಾತ್ರ ಬಹಳ ಕಡಿಮೆ. ಫ್ರಾನ್ಸಿನ ವೆರ್ನ್ಯೂಯಿ ಮಾಣಿಕ್ಯ ತಯಾರಿಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಹತ್ತು ಗ್ರಾಂ ಚಿನ್ನ 2025ರಲ್ಲಿ ಲಕ್ಷ ರೂಪಾಯಿ ದಾಟಿದ ಮೇಲೆ, ಓದುವ ಮಕ್ಕಳ ಉಡುಗೊರೆಗೆ ಬೆಳ್ಳಿಯಲ್ಲಿ ಕೂರಿಸಿದ ಇಂಥ ಹರಳೇ ಜಾಣತನವೆಂದು ನನ್ನ ಅಭಿಪ್ರಾಯ. ಬೆಳ್ಳಿಯ ಮೇಲೆ 925 ಎಂಬ ಗುರುತು ನೋಡಿ.

ಉಂಗುರವೋ, ಪದಕವೋ?

ಹದಿನಾರರ ಬೆರಳು ಬೆಳೆಯುತ್ತದೆ. ಉಂಗುರ ಬಿಗಿಯಾದರೆ ಹಿಗ್ಗಿಸಬೇಕು, ಹಿಗ್ಗಿಸಲು ಬೆಂಕಿ ಹಿಡಿಯಬೇಕು, ಪಚ್ಚೆ, ಓಪಲ್, ಮುತ್ತುಗಳು ಆ ಕಾವು ತಡೆಯುವುದಿಲ್ಲ. ಜೊತೆಗೆ ಉಂಗುರ ದಿನವಿಡೀ ಬಕೆಟ್ಟು, ಬೆಂಚು, ಸೈಕಲ್ಲಿಗೆ ತಾಗುತ್ತಿರುತ್ತದೆ. ಓಪಲ್, ಟರ್ಕಾಯಿಸ್, ಮುತ್ತು ಮೆತ್ತನೆಯವು. ಸರದ ಪದಕಕ್ಕೋ ಓಲೆಗೋ ಸರಿ. ಉಂಗುರವೇ ಬೇಕೆಂದರೆ ನೀಲ, ಮಾಣಿಕ್ಯ ಬಾಳಿಕೆ ಬರುತ್ತವೆ. ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಅವಕ್ಕೆ 9.

ಇನ್ನು ಪರೀಕ್ಷೆಗೆಂದೇ ಹರಳು ಕೊಳ್ಳುವವರಿಗೊಂದು ಮಾತು. ನೀಟ್ ಪರೀಕ್ಷೆಗೆ ಉಂಗುರ, ಓಲೆ, ಸರ ಯಾವುದನ್ನೂ ಧರಿಸಿ ಒಳಗೆ ಹೋಗುವಂತಿಲ್ಲ. ವಿದ್ಯೆ ಹತ್ತಲೆಂದು ಸಾವಿರಾರು ರೂಪಾಯಿ ಕೊಟ್ಟ ಪಚ್ಚೆ ಅಂದು ಗೇಟಿನ ಹೊರಗೆ ಅಪ್ಪನ ಜೇಬಿನಲ್ಲಿರುತ್ತದೆ! ಹರಳು ಅಂಕ ತರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಉಂಗುರ ಹಾಕಿಯೂ ಅಂಕ ಬರದಿದ್ದರೆ ಮಗು ತನ್ನ ಗ್ರಹವೇ ಸರಿಯಿಲ್ಲವೆಂದು ನಂಬಿ ಕೂರುತ್ತದಲ್ಲ, ಆ ಭಾರವನ್ನು ಅದರ ತಲೆಯ ಮೇಲೆ ಏಕೆ ಹೊರಿಸಬೇಕು? ಇದನ್ನು ನಾನು ಭಾವನವರಿಗೆ ದಾರಿಯಲ್ಲಿ ಹೇಳಿದೆ. ಅವರು ಮಾತಾಡಲಿಲ್ಲ, ಆದರೆ ಮುಂದಿನ ಅಂಗಡಿಯಲ್ಲಿ ಪಚ್ಚೆ ಕೇಳಲಿಲ್ಲ.

ಮನೆಯಲ್ಲಿ

ಉಗುರುಬೆಚ್ಚಗಿನ ನೀರು, ಸ್ವಲ್ಪ ಮೆದು ಸೋಪು ಅಥವಾ ಅಂಟುವಾಳದ ನೊರೆ, ಮೆತ್ತನೆಯ ಹಳೆ ಬ್ರಷ್ಷು: ಗಟ್ಟಿ ಹರಳುಗಳಿಗೆ ಇಷ್ಟು ಸಾಕು. ಹರಳಿನ ಹಿಂಬದಿಯನ್ನು ಹೆಚ್ಚು ಗಮನವಿಟ್ಟು ತೊಳೆಯಿರಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಪೌಡರು ಅಲ್ಲಿ ಕೂತು ಹರಳು ಮಂಕಾಗುತ್ತದೆ, ಜನ "ಹರಳಿನ ಶಕ್ತಿ ಹೋಯಿತು" ಎನ್ನುತ್ತಾರೆ. ಟೂತ್‌ಪೇಸ್ಟು, ಹಲ್ಲುಪುಡಿ ಬೇಡ. ಚಿನ್ನಕ್ಕೂ ಗೀರು ಬೀಳುತ್ತದೆ. ಒಣ ಬಟ್ಟೆಯಿಂದ ಗಸಗಸ ಉಜ್ಜುವುದೂ ಬೇಡ, ಮನೆಯ ಧೂಳಿನಲ್ಲಿರುವ ಮರಳಿನ ಕಣವೇ ಮೆದು ಹರಳನ್ನು ಗೀರುತ್ತದೆ. ಎಣ್ಣೆ ತುಂಬಿದ ಪಚ್ಚೆಯನ್ನು ಬಿಸಿನೀರಿಗೂ ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಾಕಬಾರದು.

ಮುತ್ತು, ಹವಳಗಳ ದಾರಿಯೇ ಬೇರೆ. ಅವು ಸುಣ್ಣದ ವಸ್ತುವಿನವು. ಹುಣಸೆ, ನಿಂಬೆ, ಬೆವರು, ಸೆಂಟು ಎಲ್ಲವೂ ಅವಕ್ಕೆ ಶತ್ರು. ಅಲಂಕಾರವೆಲ್ಲ ಮುಗಿದ ಮೇಲೆ ಮುತ್ತು ಹಾಕಿ, ಮನೆಗೆ ಬಂದ ಕೂಡಲೇ ಮೊದಲು ಅದನ್ನೇ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಅಮೆಥಿಸ್ಟನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಬಣ್ಣ ಇಳಿಯುತ್ತದೆ. ಎಲ್ಲ ಒಡವೆಯನ್ನೂ ಒಂದೇ ಡಬ್ಬಿಯಲ್ಲಿ ತುಂಬಿದರೆ ಗಟ್ಟಿ ಹರಳು ಮೆದುವನ್ನು ಗೀರುತ್ತದೆ. ಹಿಂಭಾಗ ಮುಚ್ಚಿರುವ ಹಳೆಯ ಕೆಂಪಿನ ಓಲೆಗಳನ್ನಂತೂ ನೀರಲ್ಲಿ ನೆನೆಸಲೇಬೇಡಿ. ಒಳಗಿನ ಹೊಳೆಯುವ ತಗಡು ಕಪ್ಪಾದರೆ ಹರಳೂ ಸತ್ತಂತೆ ಕಾಣುತ್ತದೆ. ವರ್ಷಕ್ಕೊಮ್ಮೆ ಅಕ್ಕಸಾಲಿಗರಿಗೆ ತೋರಿಸಿ, ಹರಳು ಹಿಡಿದ ಹಲ್ಲುಗಳು ಸಡಿಲವಾಗಿವೆಯೇ ನೋಡಿಸಿ.

ನಾವು ಕೊಂಡದ್ದು ಬೆಳ್ಳಿಯ ಪದಕ, ಬೆಳೆಸಿದ ನೀಲ, ಎರಡು ಸಾವಿರ ರೂಪಾಯಿಯ ಒಳಗೆ. ರಸೀದಿಯಲ್ಲಿ ಅಂಗಡಿಯವರೇ ಹಾಗೆಂದು ಬರೆದುಕೊಟ್ಟರು. ಫೀಸಿನ ಹಣ ಹಾಗೇ ಉಳಿಯಿತು. ಅದೇ ಅಂಗಡಿಯಲ್ಲಿ ಅಜ್ಜಿಯ ಕೆಂಪಿನ ಓಲೆಯನ್ನೂ ತೋರಿಸಿದೆವು, ಒಂದು ಹರಳು ಅಲ್ಲಾಡುತ್ತಿತ್ತು. ಕೂರಿಸಿಕೊಟ್ಟ ಅಕ್ಕಸಾಲಿಗರು ಭೂತಗನ್ನಡಿ ಹಿಡಿದು ನೋಡಿ, ಇದೂ ತಯಾರಿಸಿದ ಕೆಂಪೇ ಎಂದರು.

ಊರಿಗೆ ಬಂದು ಅಜ್ಜಿಗೆ ಹೇಳುವುದೋ ಬೇಡವೋ ಎಂದು ನಾವು ಯೋಚಿಸುತ್ತಿದ್ದರೆ ಹುಡುಗಿ ಹೇಳಿಯೇಬಿಟ್ಟಳು. ಅಜ್ಜಿ ಓಲೆಯನ್ನು ಕಿವಿಗೆ ತಿರುಪಿಕೊಳ್ಳುತ್ತಾ, "ನಮ್ಮವ್ವ ಕೊಟ್ಟಿದ್ದು ಕಣವ್ವ, ಐವತ್ತು ವರ್ಷ ಹಾಕ್ಕಂಡಿವ್ನಿ. ಇನ್ನೇನು ದಿಟ, ಇನ್ನೇನು ಸುಳ್ಳು" ಎಂದರು. ಆಮೇಲೆ ಪದಕವನ್ನು ಬೆಳಕಿಗೆ ಹಿಡಿದು ನೋಡಿ, ಚನ್ನಕೇಶವನ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದ ಮೇಲೇ ಕೊರಳಿಗೆ ಹಾಕಬೇಕೆಂದು ಅಪ್ಪಣೆ ಕೊಡಿಸಿದರು.

ಹೋದ ವಾರ ಹಾಸ್ಟೆಲ್ಲಿನಿಂದ ಫೋನು ಬಂದಿತ್ತು. "ಮಾಮ, ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟು ಮರೆತೆ. ಎರಡು ದಿನ ಸೋಪಿನ ಡಬ್ಬೀಲಿ ಇತ್ತು. ಏನಾದ್ರೂ ಆಗುತ್ತಾ?" ನೀಲಕ್ಕೆ ಏನೂ ಆಗದು, ಬೆಳ್ಳಿ ಕಪ್ಪಾಗಿದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸು ಎಂದೆ.