ಅನಿವಾಸಿ ಬಂಧುಗಳ ಆದಾಯ ತೆರಿಗೆ: ನಮ್ಮ ವರ್ತಕರು ಗಮನಿಸಬೇಕಾದ ಕೆಲವು ಸಂಗತಿಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ವರ್ತಕ ಬಾಂಧವರ ಲೆಕ್ಕಪತ್ರಗಳನ್ನು ಪರಿಶೀಲಿಸುವುದರಲ್ಲಿಯೇ ನನ್ನ ವೃತ್ತಿಜೀವನದ ಬಹುಭಾಗ ಕಳೆದಿದೆ. ಮೊದಲೆಲ್ಲ ನನ್ನ ಮೇಜಿನ ಮೇಲೆ ಬರುತ್ತಿದ್ದುದು ಕೊಬ್ಬರಿ, ಹೊಗೆಸೊಪ್ಪು, ಆಲೂಗೆಡ್ಡೆ ವಹಿವಾಟಿನ ಪುಸ್ತಕಗಳು ಮಾತ್ರ. ಈಗ ಅವುಗಳ ಜೊತೆಗೆ ನ್ಯೂಜೆರ್ಸಿಯ ಮಗನ ಪತ್ರ, ದುಬೈನಲ್ಲಿರುವ ತಮ್ಮನ ಪಾಸ್‌ಪೋರ್ಟ್ ಪ್ರತಿ, ಲಂಡನ್ನಿನ ಅಳಿಯಂದಿರ ಬ್ಯಾಂಕ್ ವಿವರ ಎಲ್ಲವೂ ಬರುತ್ತವೆ. ಇದು ವಿದೇಶದಲ್ಲಿರುವವರ ಸಮಸ್ಯೆ, ನಮಗೇನು ಸಂಬಂಧ ಎಂದು ಭಾವಿಸುವ ಸದಸ್ಯರಿಗಾಗಿಯೇ ಈ ಲೇಖನ.

ಚನ್ನರಾಯಪಟ್ಟಣದ ಕೊಬ್ಬರಿ ವರ್ತಕರೊಬ್ಬರು 2016ರ ಅಕ್ಟೋಬರ್‌ನಲ್ಲಿ 60 ಲಕ್ಷ ರೂಪಾಯಿಗೆ ಒಂದು ವಾಣಿಜ್ಯ ನಿವೇಶನವನ್ನು ಖರೀದಿಸಿದರು. ಮಾರಾಟಗಾರರು ಅಮೆರಿಕದಲ್ಲಿದ್ದರು. ಅವರ ಪರವಾಗಿ ಹಾಸನದಲ್ಲಿದ್ದ ಅಣ್ಣನವರು ಅಧಿಕಾರಪತ್ರದ ಮೇಲೆ ಸಹಿ ಹಾಕಿದರು, ಕ್ರಯಪತ್ರದಲ್ಲಿ ನಮೂದಾದ ವಿಳಾಸವೂ ಹಾಸನದ್ದೇ. ನಮ್ಮ ವರ್ತಕರು ಎಲ್ಲರಂತೆ ಶೇ. 1ರಷ್ಟು, ಅಂದರೆ 60,000 ರೂಪಾಯಿ ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಿದರು. 2018ರಲ್ಲಿ ನೋಟೀಸು ಬಂದಾಗ ನನ್ನ ಕಚೇರಿಗೆ ಬಂದು, "ಅವರು ನಮ್ಮೂರಿನವರೇ ಅಲ್ಲವೇ ಸ್ವಾಮಿ, ನಮ್ಮ ಜೊತೆ ಓದಿದವರು" ಎಂದು ಕೇಳಿದರು.

ಊರು ಯಾವುದೆಂಬುದು ತೆರಿಗೆ ಕಾಯ್ದೆಗೆ ಬೇಕಿಲ್ಲ. ಆ ವರ್ಷ ಎಷ್ಟು ದಿನ ಎಲ್ಲಿದ್ದರು ಎಂಬುದಷ್ಟೇ ಬೇಕು. ಶೇ. 1ರ ಕಡಿತ ಮಾರಾಟಗಾರ ನಿವಾಸಿಯಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಅನಿವಾಸಿಯಾಗಿದ್ದರೆ 1961ರ ಕಾಯ್ದೆಯ 195ನೇ ಸೆಕ್ಷನ್ ಬರುತ್ತದೆ, ಅಲ್ಲಿ 50 ಲಕ್ಷದ ಮಿತಿಯೂ ಇಲ್ಲ. ಆಗಿನ ದರ ಸುಂಕ ಸೇರಿ ಶೇ. 20.6. ಕಡಿಮೆ ಕಡಿತದ ಪ್ರಮಾಣಪತ್ರವಿಲ್ಲದ್ದರಿಂದ ಅಧಿಕಾರಿಗಳು ಪೂರ್ಣ ಮೊತ್ತದ ಮೇಲೆ 12.36 ಲಕ್ಷ ಲೆಕ್ಕ ಹಾಕಿ, ಖರೀದಿದಾರರನ್ನೇ ಕಸೂರುದಾರರೆಂದು ಘೋಷಿಸಿದರು. ಮಾರಾಟಗಾರರು 2017ರ ಜುಲೈನಲ್ಲಿ ಇಲ್ಲಿಯೇ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಿದ್ದುದು ಅದೃಷ್ಟ. ಹಣ ಪಡೆದವರು ತೆರಿಗೆ ಕಟ್ಟಿದ್ದರೆ ಕೊಟ್ಟವರಿಂದ ಮತ್ತೆ ವಸೂಲು ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಹಿಂದೂಸ್ತಾನ್ ಕೋಕಾ ಕೋಲಾ ಪ್ರಕರಣದಲ್ಲಿ ಹೇಳಿರುವುದನ್ನು ಮುಂದಿಟ್ಟು ಅಸಲು ಬೇಡಿಕೆ ರದ್ದಾಯಿತು. ಆದರೆ ತಿಂಗಳಿಗೆ ಶೇ. 1ರ ಬಡ್ಡಿ ಉಳಿಯಿತು. ಹತ್ತು ತಿಂಗಳಿಗೆ ಅದೇ ಒಂದು ಲಕ್ಷ ದಾಟಿತು. ಮಾರಾಟಗಾರರು ಕಟ್ಟದೇ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಸದಸ್ಯರೇ ಊಹಿಸಿಕೊಳ್ಳಬಹುದು.

ಬಿ.ಎಂ. ರಸ್ತೆಯ ಮಳಿಗೆಗೆ ಬಾಡಿಗೆ ಕಟ್ಟುವವರಿಗೂ ಇದೇ ಮಾತು. ಮಾಲೀಕರು ಅನಿವಾಸಿಯಾದರೆ ಬಾಡಿಗೆಯ ಮೇಲಿನ ಕಡಿತ ಶೇ. 30, ಸುಂಕ ಸೇರಿ 31.2. ನಿವಾಸಿ ಮಾಲೀಕರ ವಿಷಯದಲ್ಲಿರುವ ಕನಿಷ್ಠ ಮಿತಿ ಇಲ್ಲಿ ಬರೆದಿಲ್ಲ. ಬಾಡಿಗೆಯನ್ನು ಊರಿನಲ್ಲಿರುವ ತಂದೆಯವರ ಕೈಗೆ ನಗದಾಗಿ ಕೊಟ್ಟ ಮಾತ್ರಕ್ಕೆ ಮಾಲೀಕರು ಬದಲಾಗುವುದಿಲ್ಲ.

ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ಗ್ರಾಮೀಣ ಕೃಷಿ ಭೂಮಿ ಕಾಯ್ದೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯೇ ಅಲ್ಲ. ಪಟ್ಟಣದ ಜನಸಂಖ್ಯೆ 10,000 ಮೀರಿ ಒಂದು ಲಕ್ಷದೊಳಗಿದ್ದರೆ ಅದರ ಎಲ್ಲೆಯಿಂದ 2 ಕಿ.ಮೀ., ಒಂದು ಲಕ್ಷ ಮೀರಿ ಹತ್ತು ಲಕ್ಷದೊಳಗಿದ್ದರೆ 6 ಕಿ.ಮೀ., ಅದೂ ನೇರ ರೇಖೆಯಲ್ಲಿ ಅಳೆದು. 2011ರ ಜನಗಣತಿಯಂತೆ ಹಾಸನ ಎರಡನೆಯ ವರ್ಗಕ್ಕೆ, ಉಳಿದ ಮೂರು ಪಟ್ಟಣಗಳು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಆದ್ದರಿಂದ ಅರಕಲಗೂಡಿನಿಂದ ಐದು ಕಿ.ಮೀ. ಆಚೆಯ ಹೊಲವನ್ನು ಅನಿವಾಸಿಯಿಂದ ಕೊಂಡವರಿಗೆ ಕಡಿತದ ಬಾಧೆಯಿಲ್ಲ. ಹಾಸನದಿಂದ ಐದು ಕಿ.ಮೀ. ಇದ್ದರೆ ಇದೆ. ತಹಸೀಲ್ದಾರರಿಂದ ದೂರದ ದೃಢೀಕರಣ ಪಡೆದು ಕಡತದಲ್ಲಿಡುವುದು ಒಳಿತು.

ಇಷ್ಟಾದರೂ ಮಾರಿದವರ ಕಷ್ಟ ಮುಗಿಯುವುದಿಲ್ಲ. ಅಮೆರಿಕವು ತನ್ನ ಪ್ರಜೆಗಳ ಹಾಗೂ ಗ್ರೀನ್ ಕಾರ್ಡ್ ಹೊಂದಿದವರ ಜಗತ್ತಿನ ಎಲ್ಲ ಆದಾಯದ ಮೇಲೆ ತೆರಿಗೆ ಕೇಳುತ್ತದೆ. ನಮ್ಮಲ್ಲಿ ವಿನಾಯಿತಿಯಿರುವ ತೆಂಗಿನ ತೋಟದ ಆದಾಯಕ್ಕೆ, ಆ ಹೊಲದ ಮಾರಾಟದ ಲಾಭಕ್ಕೆ ಅಲ್ಲಿ ವಿನಾಯಿತಿಯಿಲ್ಲ. 1989ರಲ್ಲಿ ಸಹಿಯಾದ ಉಭಯ ದೇಶಗಳ ಒಪ್ಪಂದವು ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ಕಳೆಯಲು ಅವಕಾಶ ಕೊಡುತ್ತದೆ ನಿಜ. ಇಲ್ಲಿ ಏನನ್ನೂ ಕಟ್ಟಿಲ್ಲವಾದರೆ ಕಳೆಯುವುದಾದರೂ ಏನನ್ನು? ಸಾಲದ್ದಕ್ಕೆ ಅವರ ತೆರಿಗೆ ವರ್ಷ ಜನವರಿಯಿಂದ, ನಮ್ಮದು ಏಪ್ರಿಲ್‌ನಿಂದ.

ಇನ್ನೊಂದು ಸೂಕ್ಷ್ಮವಿದೆ. ವಯಸ್ಸಾದ ತಂದೆತಾಯಿಗಳು ಅನುಕೂಲಕ್ಕೆಂದು ತಮ್ಮ ಉಳಿತಾಯ ಖಾತೆಗೆ ಅಮೆರಿಕದ ಮಗನ ಹೆಸರನ್ನು ಜಂಟಿಯಾಗಿ ಸೇರಿಸುತ್ತಾರೆ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ಮಗ ಅಲ್ಲಿಯ ಸರ್ಕಾರಕ್ಕೆ ಅವುಗಳ ವಿವರ ಸಲ್ಲಿಸಬೇಕು. ಒಂದು ರೂಪಾಯಿಯೂ ಅವನದಲ್ಲದಿದ್ದರೂ ಸರಿಯೇ. 2015ರ ಜುಲೈನಲ್ಲಿ ಎರಡು ಸರ್ಕಾರಗಳ ನಡುವೆ ಆದ ಒಪ್ಪಂದದ ನಂತರ ನಮ್ಮ ಬ್ಯಾಂಕುಗಳಿಂದಲೂ ಖಾತೆಗಳ ಮಾಹಿತಿ ಅತ್ತ ಹೋಗುತ್ತದೆ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಆತಂಕ ಬೇರೆ ಬಗೆಯದು. 2020ರ ಫೆಬ್ರುವರಿ 1ರ ಆಯವ್ಯಯದಲ್ಲಿ, ಬೇರೆಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಇಲ್ಲಿನ ನಿವಾಸಿಯೆಂದೇ ಪರಿಗಣಿಸುವ ಪ್ರಸ್ತಾವ ಬಂದಾಗ ದೂರವಾಣಿ ಕರೆಗಳಿಗೆ ಬಿಡುವೇ ಇರಲಿಲ್ಲ. ಮರುದಿನವೇ ಸ್ಪಷ್ಟೀಕರಣ ಬಂತು. ಮಾರ್ಚ್‌ನಲ್ಲಿ ಕಾಯ್ದೆಯಾಗುವಾಗ 15 ಲಕ್ಷ ಮೀರಿದ ಭಾರತೀಯ ಆದಾಯವಿದ್ದವರಿಗಷ್ಟೇ ಅದು ಸೀಮಿತವಾಯಿತು, ಅವರ ವಿದೇಶಿ ಸಂಬಳವೂ ಹೊರಗುಳಿಯಿತು. ಅಂತಹ ಆದಾಯವಿದ್ದು ಊರಿಗೆ ಬಂದುಹೋಗುವವರಿಗೆ 182 ದಿನಗಳ ಬದಲು 120 ದಿನಗಳ ಮಿತಿ ಅಂದಿನಿಂದ ಬಂದಿತು. ಬಂದಿಳಿದ ದಿನವನ್ನು ಎಣಿಸಬೇಕೇ ಎಂಬುದರಲ್ಲಿ ಇಂದಿಗೂ ಭಿನ್ನ ತೀರ್ಪುಗಳಿವೆ. ಅಂಚಿನಲ್ಲಿರಬೇಡಿ, ನಾಲ್ಕು ದಿನ ಮೊದಲೇ ಹೊರಡಿ ಎಂಬುದು ನನ್ನ ಸಲಹೆ.

ಆ ವರ್ಷವೇ ಅರಕಲಗೂಡಿನ ಯುವಕರೊಬ್ಬರು ತಂಗಿಯ ಮದುವೆಗೆಂದು ಮಾರ್ಚ್‌ನಲ್ಲಿ ದುಬೈನಿಂದ ಬಂದು, ವಿಮಾನ ನಿಂತು, ಅಕ್ಟೋಬರ್ 20ರವರೆಗೆ ಇಲ್ಲೇ ಉಳಿದರು. ಮಾರ್ಚ್ 22ರಿಂದ 31ರವರೆಗಿನ ದಿನಗಳನ್ನು ಬಿಡಬಹುದೆಂದು ಮೇ 8ರ ಸುತ್ತೋಲೆ ಹೇಳಿತು. ಏಪ್ರಿಲ್‌ನಿಂದಾಚೆಯ 203 ದಿನಗಳಿಗೆ 2021ರ ಮಾರ್ಚ್‌ವರೆಗೆ ಕಾದರೂ ಸಾಮಾನ್ಯ ರಿಯಾಯಿತಿ ಬರಲಿಲ್ಲ, ಎರಡು ಕಡೆ ತೆರಿಗೆ ಬಿದ್ದವರು ಅರ್ಜಿ ಸಲ್ಲಿಸಬಹುದೆಂದಷ್ಟೇ ಬಂತು. ದುಬೈನಲ್ಲಿ ತೆರಿಗೆಯೇ ಇಲ್ಲವಾದ್ದರಿಂದ ಇವರಿಗೆ ಅರ್ಜಿಯ ಆಧಾರವೂ ಇರಲಿಲ್ಲ. ಅನೇಕ ವರ್ಷ ಹೊರಗಿದ್ದುದರಿಂದ ಅವರು ಸಾಮಾನ್ಯ ನಿವಾಸಿಯಲ್ಲದ ವರ್ಗಕ್ಕೆ ಸೇರಿದರು, ದುಬೈಗೆ ಮರಳಿ ಮಾಡಿದ ಕೆಲಸದ ಸಂಬಳ ಉಳಿಯಿತು. ಮನೆಯ ಜಗಲಿಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಮಾತ್ರ ತೆರಿಗೆ ಕಟ್ಟಿದರು, ಏಕೆಂದರೆ ಸೇವೆ ನಡೆದದ್ದು ಭಾರತದಲ್ಲಿ. ಈ ನಿಯಮ ನ್ಯಾಯವೇ ಎಂದು ಅವರು ಕೇಳಿದಾಗ ನಾನು ಉತ್ತರಿಸಲಿಲ್ಲ.

ನಿಯಮಗಳು ಇತರೆಡೆಯೂ ನಿಂತಿಲ್ಲ. ಬ್ರಿಟನ್ ತನ್ನಲ್ಲಿಗೆ ತಂದ ವಿದೇಶಿ ಹಣಕ್ಕೆ ಮಾತ್ರ ತೆರಿಗೆ ಹಾಕುವ ಹಳೆಯ ಪದ್ಧತಿಯನ್ನು 2025ರ ಏಪ್ರಿಲ್ 6ರಿಂದ ಕೈಬಿಟ್ಟಿತು. ಓಮಾನ್ 2028ರಿಂದ 42,000 ರಿಯಾಲ್ ಮೀರಿದ ವಾರ್ಷಿಕ ಆದಾಯಕ್ಕೆ ಶೇ. 5ರ ತೆರಿಗೆಯನ್ನು ಪ್ರಕಟಿಸಿದೆ. ನಮ್ಮಲ್ಲಿ 2025ರ ಹೊಸ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರೂಪಿಸಲಾಗಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ದಿನ ಎಣಿಸುವ ಕೆಲಸ ಉಳಿದಿದೆ.

ಇತ್ತೀಚೆಗೆ ಹೊಳೆನರಸೀಪುರದ ಸದಸ್ಯರೊಬ್ಬರು ಅನಿವಾಸಿಯಿಂದ ಗೋದಾಮು ಕೊಳ್ಳುವಾಗ ಮೊದಲು ಪಾಸ್‌ಪೋರ್ಟ್ ಪ್ರತಿ ಕೇಳಿದರು. ಕಡಿಮೆ ಕಡಿತದ ಪ್ರಮಾಣಪತ್ರ ಬಂದ ಮೇಲೆಯೇ ನೋಂದಣಿ ಎಂದು ಕರಾರಿನಲ್ಲಿ ಬರೆಸಿದರು. ಪ್ರಮಾಣಪತ್ರ ತಡವಾಯಿತು. ಮಾರಾಟಗಾರರು ಕಾಯಲೆಂದು ಹಿಂತಿರುಗುವ ಟಿಕೆಟ್ಟನ್ನು ಮುಂದೂಡಲು ಹೊರಟಾಗ ಲೆಕ್ಕ ಹಾಕಿ ನೋಡಿದೆವು: ಆ ವರ್ಷ ಅವರು ಇಲ್ಲಿ ಕಳೆದದ್ದು ಆಗಲೇ 171 ದಿನ. ಮಗಳಿಗೆ ಅಧಿಕಾರಪತ್ರ ಬರೆದುಕೊಟ್ಟು ಅವರು ನಿಗದಿಯಾದ ದಿನವೇ ಹೊರಟರು.