ಡಂಫ್ರೀಸ್ ಹೌಸ್: ಹರಾಜಿನಿಂದ ಪಾರಾದ ಅರಮನೆ

ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತ್ಯದ ಡಂಫ್ರೀಸ್ ಹೌಸ್‌ನ ಪೀಠೋಪಕರಣಗಳು 2007ರಲ್ಲಿ ಹರಾಜಿಗೆಂದು ಲಂಡನ್ನಿನ ಹಾದಿ ಹಿಡಿದಿದ್ದವು. ಕೊನೆಯ ಗಳಿಗೆಯಲ್ಲಿ ಖರೀದಿ ಒಪ್ಪಂದ ಏರ್ಪಟ್ಟು, ಲಾರಿಗಳು ಅರ್ಧದಾರಿಯಿಂದಲೇ ಮರಳಿದವು. ಎರಡೂವರೆ ಶತಮಾನದ ಖಾಸಗಿ ಒಡೆತನ ಅಲ್ಲಿಗೆ ಮುಗಿಯಿತು.

ಐದನೆಯ ಡಂಫ್ರೀಸ್ ಅರ್ಲ್ ವಿಲಿಯಂ ಡಾಲ್‌ರಿಂಪಲ್‌ಗಾಗಿ ಆಡಂ ಸಹೋದರರು 1754ರಿಂದ 1759ರ ಅವಧಿಯಲ್ಲಿ ಈ ಭವನವನ್ನು ನಿರ್ಮಿಸಿದರು. ಪ್ರಸಿದ್ಧ ಕುಶಲಕರ್ಮಿ ಥಾಮಸ್ ಚಿಪ್ಪೆಂಡೇಲ್‌ನಿಂದ ಪೀಠೋಪಕರಣಗಳನ್ನು ತರಿಸಲಾಯಿತು. ಮನೆಯೂ ಸಾಮಗ್ರಿಯೂ ಒಂದೇ ಕಾಲದವು. ಖರೀದಿಯ ದಾಖಲೆಗಳೂ ಉಳಿದಿವೆ. ಇದರ ಮಹತ್ವವಿರುವುದು ಈ ಒಗ್ಗೂಡುವಿಕೆಯಲ್ಲಿಯೇ.

19ನೆಯ ಶತಮಾನದ ಆರಂಭದಲ್ಲಿ ಆಸ್ತಿಯು ವಾರಸಿಕೆಯಿಂದ ಬ್ಯೂಟ್ ಮಾರ್ಕ್ವಿಸ್ ಮನೆತನಕ್ಕೆ ಸೇರಿತು. ಬೇರೆ ಅರಮನೆಗಳೂ ಇದ್ದ ಈ ಮನೆತನಕ್ಕೆ ಡಂಫ್ರೀಸ್ ಹೌಸ್ ಮುಖ್ಯ ನಿವಾಸವಾಗಲಿಲ್ಲ. ಹೆಚ್ಚಿನ ಬದಲಾವಣೆಯಿಲ್ಲದೆ ಅದು ಉಳಿಯಲು ಇದೂ ಕಾರಣ.

ಏಳನೆಯ ಮಾರ್ಕ್ವಿಸ್, ಮಾಜಿ ಕಾರು ರೇಸ್ ಪಟು ಜಾನಿ ಡಂಫ್ರೀಸ್, ಮಾರಾಟಕ್ಕೆ ಮುಂದಾದಾಗ ತೊಡಕು ಎದುರಾಯಿತು. ಕಟ್ಟಡ ಒಬ್ಬರಿಗೆ, ಕುರ್ಚಿ–ಕಪಾಟುಗಳು ಹಲವರಿಗೆ ಹೋದರೆ ಉಳಿಯುವುದು ಬರಿಯ ಗೋಡೆ. ಆಗ ರಾಜಕುಮಾರರಾಗಿದ್ದ ಚಾರ್ಲ್ಸ್ ನೇತೃತ್ವದ ಒಕ್ಕೂಟವು ಭವನ, ಸಾಮಗ್ರಿ ಹಾಗೂ ಸುಮಾರು 2,000 ಎಕರೆ ಭೂಮಿಯನ್ನು 4.5 ಕೋಟಿ ಪೌಂಡ್‌ಗೆ ಕೊಂಡಿತು. ಇದರಲ್ಲಿ 2 ಕೋಟಿ ಪೌಂಡ್ ಚಾರ್ಲ್ಸ್‌ರ ದತ್ತಿಸಂಸ್ಥೆ ಮಾಡಿದ ಸಾಲ. ಸ್ಕಾಟ್ಲೆಂಡ್ ಸರಕಾರ ನೀಡಿದ್ದು 50 ಲಕ್ಷ ಪೌಂಡ್.

ಪಕ್ಕದ ನಾಕ್‌ರೂನ್‌ನಲ್ಲಿ ಬಡಾವಣೆ ನಿರ್ಮಿಸಿ ಸಾಲ ತೀರಿಸುವುದು ಲೆಕ್ಕಾಚಾರವಾಗಿತ್ತು. 2008ರ ಆರ್ಥಿಕ ಕುಸಿತ ಅದನ್ನು ತಲೆಕೆಳಗು ಮಾಡಿತು. ಬಡಾವಣೆ ಬೆಳೆಯಲಿಲ್ಲ, ದೇಣಿಗೆಗಳೇ ಆಸರೆಯಾದವು. ದೇಣಿಗೆಗೆ ಪ್ರತಿಯಾಗಿ ಗೌರವ ಪದವಿಗೆ ನೆರವಿನ ಭರವಸೆ ನೀಡಲಾಗಿತ್ತೆಂಬ ಆರೋಪ 2021ರಲ್ಲಿ ಕೇಳಿಬಂದು, ದತ್ತಿಸಂಸ್ಥೆಯ ಮುಖ್ಯಾಧಿಕಾರಿ ರಾಜೀನಾಮೆಯಿತ್ತರು. ಪೊಲೀಸರು 2023ರಲ್ಲಿ ತನಿಖೆಯನ್ನು ಕೈಬಿಟ್ಟರು.

ಇಂದು ಎಸ್ಟೇಟ್ ಕಿಂಗ್ಸ್ ಫೌಂಡೇಷನ್‌ನ ಅಧೀನದಲ್ಲಿದೆ. 2008ರಿಂದ ಭವನವು ಸಾರ್ವಜನಿಕರಿಗೆ ತೆರೆದಿದೆ. ಕಲ್ಲಿದ್ದಲು ಗಣಿಗಳು ಮುಚ್ಚಿ ಸೊರಗಿದ್ದ ಕಮ್ನಾಕ್ ಪರಿಸರದಲ್ಲಿ ಅದು ಉದ್ಯೋಗ ನೀಡುತ್ತಿದೆ. ಅಡುಗೆ, ಹೊಲಿಗೆ, ಕಟ್ಟಡ ಕಸುಬುಗಳ ತರಬೇತಿಯೂ ನಡೆಯುತ್ತಿದೆ.

ವಾರಸುದಾರರ ಕೈಯಲ್ಲಿ ಅಖಂಡವಾಗಿ ಉಳಿದ ಆಸ್ತಿ, ವಾರಸುದಾರರ ನಿರ್ಧಾರದಿಂದಲೇ ಚದುರಿಹೋಗುವುದರಲ್ಲಿತ್ತು. ಈಗ ಆ ಅಪಾಯವಿಲ್ಲ. ಆದರೆ ದತ್ತಿಯ ಒಡೆತನಕ್ಕೆ ಪ್ರತಿವರ್ಷವೂ ದೇಣಿಗೆ ಬೇಕು. ದೇಣಿಗೆ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರವೂ ಬೇಕು.